ಗೇಣು ನೀರಿನ ಲೆಕ್ಕ

ನಮ್ಮ ಹಿತ್ತಲಲ್ಲಿ ಒಂದು ಹಳೆಯ ಹೌದ ಇತ್ತು. ನೆಲದೊಳಗಿನ ನೀರಿನ ತೊಟ್ಟಿ, ಈಗಿನವರು ಸಂಪು ಅಂತಾರಲ್ಲ, ಅದು. ಮಾವ ಮನೆ ಕಟ್ಟಿಸುವಾಗ ಮಾಡಿಸಿದ್ದು. ಆರಡಿ ಉದ್ದ, ಆರಡಿ ಅಗಲ, ಐದಡಿ ಆಳ. ಗೋಡೆ ಬಿರುಕು ಬಿಟ್ಟು ನೀರು ನಿಲ್ಲದಂತಾದಾಗ ಅದನ್ನು ಬಿಟ್ಟು ಬಾಗಿಲ ಮುಂದೆ ಹೊಸದು ಕಟ್ಟಿಸಿದೆವು. ಆಮೇಲೆ ಹಳೆಯದು ಮನೆಯ ಗುಜರಿ ಅಂಗಡಿಯಾಯಿತು. ಮುರಿದ ಕುರ್ಚಿ, ತೂತು ಬಿದ್ದ ಕೊಡ, ಮಗಳ ಮೂರು ಗಾಲಿ ಸೈಕಲ್ಲು, ಎಲ್ಲಾ ಅದರೊಳಗೆ.

ನಾವಿರುವುದು ವಿಜಯಪುರದಲ್ಲಿ. ಪಕ್ಕದ ಬಡಾವಣೆಯ ಹೆಸರು ಜಲನಗರ. ಹೆಸರು ಕೇಳಿ ಹೊರಗಿನವರು ನೀರಿಗೇನು ಕಡಿಮೆ ಅಂದುಕೊಳ್ಳಬಹುದು. ಇಲ್ಲಿ ನಳ ಬರುವ ದಿನ ಅಂದರೆ ಹಬ್ಬದ ದಿನ ಇದ್ದಂಗೆ. ಇದ್ದಬದ್ದ ಪಾತ್ರೆ ಎಲ್ಲಾ ತುಂಬಿಡಬೇಕು. ಉಳಿದ ದಿನ ಬೋರಿನ ನೀರು. ಅದು ಸವಳು. ಬಟ್ಟೆಗೆ ಸೋಪು ಹಚ್ಚಿದರೆ ನೊರೆ ಬರೋದಿಲ್ಲ, ಚಹಾ ಕುದಿಸಿದರೆ ಮೇಲೆ ತೆಳುವಾಗಿ ಎಣ್ಣೆ ತೇಲಿದಂಗೆ ಪೊರೆ ಕಟ್ಟುತ್ತದೆ. ಸುತ್ತಲೂ ತೊಗರಿ ಬೆಳೆಯುವ ಜಿಲ್ಲೆ ನಮ್ಮದು, ಆದರೆ ನಮ್ಮ ಬೋರಿನ ನೀರಲ್ಲಿ ತೊಗರಿ ಬೇಳೆ ಬೇಯೋದಿಲ್ಲ! ನೀರಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ ಬೇಳೆಯ ತಿರುಳು ಗಟ್ಟಿಯಾಗೇ ಉಳಿಯುತ್ತದೆ. ಆರು ಸೀಟಿ ಹೊಡೆಸಿ, ಚಿಟಿಕೆ ಸೋಡಾ ಹಾಕಿ, ಸೌಟಿನಿಂದ ಮಸೆದು ಮಸೆದು ಸಾರು ಮಾಡಬೇಕು.

ಮೂರು ವರ್ಷದ ಹಿಂದಿನ ಮೇ ತಿಂಗಳಲ್ಲಿ ನಾಲ್ಕು ಸಲ ಟ್ಯಾಂಕರ್ ತರಿಸಿದೆವು. ನಾಲ್ಕನೇ ಸಲ ದುಡ್ಡು ಕೊಟ್ಟು ಒಳಗೆ ಬಂದು ನಾನು ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಲು ಕೂತೆ. ನಮ್ಮ ಸ್ಲ್ಯಾಬು ಮೂವತ್ತಡಿ, ಇಪ್ಪತ್ತಡಿ. ಅಂದರೆ ಸುಮಾರು 56 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಕೆಲವು ವರ್ಷ ಅದೂ ಇಲ್ಲ. ಅಂದರೂ 33 ಸಾವಿರ ಲೀಟರ್. ಆವಿಯಾಗಿದ್ದು, ಚೆಲ್ಲಿದ್ದು ಅಂತ ಐದರಲ್ಲೊಂದು ಪಾಲು ಬಿಟ್ಟರೂ 27 ಸಾವಿರ ಲೀಟರ್ ನಮ್ಮ ತಲೆ ಮೇಲಿಂದಲೇ ಹರಿದು ಗಟಾರ ಸೇರುತ್ತಿತ್ತು.

ಖುಷಿಯಿಂದ ಮನೆಯವರಿಗೆ ತೋರಿಸಿದೆ. ಅವರು ಬ್ಯಾಂಕಿನವರು. ಹಾಳೆ ನೋಡಿ, ‘ನಾವು ಐದು ಮಂದಿ ದಿನಕ್ಕ ನಾನೂರೈವತ್ತು ಲೀಟರ್ ಖರ್ಚು ಮಾಡ್ತೀವಿ. ಇದು ಎರಡು ತಿಂಗಳಿಗೆ ಆತು. ಮುಂದ?’ ಅಂದರು. ಅಲ್ಲಿಗೆ ನನ್ನ ಉತ್ಸಾಹ ಅರ್ಧ ಇಳಿಯಿತು.

ಅತ್ತೆಯದು ಬೇರೆ ತಕರಾರು. ಅವರು ಬಸವನಬಾಗೇವಾಡಿ ಕಡೆಯ ಹಳ್ಳಿಯವರು. ಹರೆಯದಲ್ಲಿ ಮೈಲು ದೂರದ ಭಾವಿಯಿಂದ ಕೊಡ ಹೊತ್ತವರು. ‘ನೀರ ಹೊತ್ತು, ಬೂದಿಲೇ ಭಾಂಡೆ ತಿಕ್ಕಿ, ಕುಳ್ಳ ಬಡದು ನನಗ ಸಾಕಾಗಿ ಹೋಗೇತಿ. ನಿಮಗ ಈಗ ಅದು ಹೊಸಾದು ಅನಸ್ಲಾಕತ್ತೇತೇನು?’ ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳೆಯ ಕಾಲ ಚೆಂದ ಅನ್ನುವವರು ಹೆಚ್ಚಾಗಿ ಕೊಡ ಹೊರದವರೇ ಅಲ್ವಾ?

ಆದರೂ ಹೌದ ಸ್ವಚ್ಛ ಮಾಡಿಸುವುದು ಅಂತ ನಿರ್ಧರಿಸಿದೆ. ಗುಜರಿಯವನಿಗೆ ಒಳಗಿದ್ದದ್ದನ್ನೆಲ್ಲ ಕೊಟ್ಟು, ನಮ್ಮ ಓಣಿಯ ಗೌಂಡಿ ಕಾಕಾನನ್ನು ಕರೆಸಿದೆ. ಅವರು ಒಳಗಿಳಿದು ಗೋಡೆಗೆ ಬೆರಳಿನಿಂದ ತಟ್ಟುತ್ತಾ ಒಂದು ಸುತ್ತು ಬಂದರು, ಕಲ್ಲಂಗಡಿ ಹಣ್ಣು ನೋಡುವವರ ಹಾಗೆ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಇದ್ದಿಲಿನಿಂದ ಗುರುತು ಹಾಕಿದರು. ಆ ಗಿಲಾಯವನ್ನೆಲ್ಲ, ಅಂದರೆ ಗೋಡೆಯ ಪ್ಲಾಸ್ಟರನ್ನೆಲ್ಲ ಕೆತ್ತಿ, ಬಿರುಕನ್ನು ಅಗಲ ಮಾಡಿ, ನೀರು ಸೋರದಂತೆ ಬೆರೆಸುವ ಪುಡಿ ಹಾಕಿದ ಸಿಮೆಂಟು ತುಂಬಿ, ಹೊಸ ಗಿಲಾಯ ಮಾಡಿದರು. ವಾರ ಪೂರ್ತಿ ದಿನಕ್ಕೆರಡು ಸಲ ನೀರು ಹೊಡೆಯಬೇಕು ಅಂದರು. ನೀರು ಕೂಡಿಡುವ ಕೆಲಸಕ್ಕೂ ಮೊದಲು ನೀರು ಖರ್ಚು ಮಾಡಬೇಕು! ಐದನೇ ಟ್ಯಾಂಕರ್ ಅದಕ್ಕೇ ಬಂತು.

ಸ್ಲ್ಯಾಬಿನ ನೀರನ್ನು ಸೀದಾ ಹೌದಕ್ಕೆ ಬಿಡೋಣ ಅಂತ ನಾನು ಅಂದುಕೊಂಡಿದ್ದೆ. ಕಾಕಾ ನಕ್ಕರು. ‘ಹಂಗಲ್ರಿ ಅಕ್ಕಾರ. ಗಂಜ್ ನೋಡೀರಿಲ್ಲ? ಹಂಗ ಮಾಡೂಣು.’

ಗಂಜ್ ಅಂದರೆ ಊರಲ್ಲಿ ಅಲ್ಲಲ್ಲಿ ನಿಂತಿರುವ ಚೌಕದ ಗೋಪುರಗಳು. 1651ರಲ್ಲಿ ಸುಲ್ತಾನ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬಿನಿಂದ ಊರೊಳಗೆ ಮಣ್ಣಿನ ಕೊಳವೆಗಳಲ್ಲಿ ನೀರು ತರುತ್ತಿದ್ದರು. ಕೊಳವೆ ಒಡೆಯದಿರಲಿ ಅಂತ ದಾರಿಯಲ್ಲಿ ಈ ಗೋಪುರಗಳು. ನೀರು ಅದರೊಳಗೆ ಬಂದು ರಭಸ ಕಳೆದುಕೊಂಡು, ರಾಡಿಯನ್ನು ತಳಕ್ಕೆ ಬಿಟ್ಟು, ಮುಂದೆ ಹೋಗುತ್ತಿತ್ತು. ದಿನಾ ಅದರ ಪಕ್ಕದಲ್ಲೇ ಹಾದು ಹೋಗುತ್ತೇನೆ. ಪಾರಿವಾಳ ಕೂರುವ ಹಳೇ ಕಟ್ಟಡ ಅಂತಷ್ಟೇ ನೋಡಿದ್ದೆ.

ನಮ್ಮ ಮನೆಯ ಗಂಜ್ ಅಂದರೆ ಅರವತ್ತು ಲೀಟರಿನ ನೀಲಿ ಡ್ರಮ್ಮು. ಸ್ಲ್ಯಾಬಿನಿಂದ ಇಳಿಯುವ ಪೈಪು ಮೊದಲು ಇದಕ್ಕೆ ಬರುತ್ತದೆ. ಮಳೆಯ ಮೊದಲ ನೀರು ಧೂಳು, ಹಕ್ಕಿ ಹಿಕ್ಕೆ, ಬೇವಿನೆಲೆ ಎಲ್ಲಾ ತೊಳೆದುಕೊಂಡು ಇದರಲ್ಲಿ ತುಂಬುತ್ತದೆ. 56 ಚದರ ಮೀಟರಿಗೆ ಮೊದಲ ಒಂದು ಮಿಲಿಮೀಟರ್ ಮಳೆ ಅಂದರೆ 56 ಲೀಟರ್, ಹಾಗಾಗಿ ಅರವತ್ತರ ಡ್ರಮ್ಮು. ಅದು ತುಂಬಿದ ಮೇಲೆ ನೀರು ಪಕ್ಕದ ಪೈಪಿಗೆ ಹೊರಳಿ ಸೋಸುವ ದೊಡ್ಡ ಡ್ರಮ್ಮಿಗೆ ಹೋಗುತ್ತದೆ. ಅದರ ತಳದಲ್ಲಿ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮರಳು, ಬಾಯಿಗೆ ಸೊಳ್ಳೆ ಪರದೆ. ಅಲ್ಲಿಂದ ಹೌದಕ್ಕೆ. ಮಳೆ ನಿಂತ ಮೇಲೆ ಚಿಕ್ಕ ಡ್ರಮ್ಮಿನ ಕೆಳಗಿನ ವಾಲ್ವ್ ತೆರೆದು ರಾಡಿ ನೀರು ಗಿಡಕ್ಕೆ ಬಿಟ್ಟು, ಮತ್ತೆ ವಾಲ್ವ್ ಮುಚ್ಚಿಡಬೇಕು. ಈ ‘ಮತ್ತೆ ಮುಚ್ಚಿಡಬೇಕು’ ಅನ್ನುವುದನ್ನು ನೆನಪಿಡಿ, ಮುಂದೆ ಬರುತ್ತದೆ.

ಪೈಪು, ಡ್ರಮ್ಮು, ಮರಳು, ಕಾಕಾನ ಕೂಲಿ ಸೇರಿ ಹದಿನಾಲ್ಕು ಸಾವಿರ ಚಿಲ್ಲರೆ ಆಯಿತು. ಡ್ರಮ್ಮು ಹಳೆಯವು, ಇಲ್ಲದಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು.

ನಿಜವಾದ ಜಗಳ ನಡೆದದ್ದು ಸ್ಲ್ಯಾಬಿನ ಮೇಲೆ. ನಮ್ಮಲ್ಲಿ ಬೇಸಿಗೆ ಅಂದರೆ ಮೇಲೆ ಮೆಣಸಿನಕಾಯಿ, ಶಾವಿಗೆ, ಸಂಡಿಗೆ, ಹಪ್ಪಳ. ರಾತ್ರಿ ಹಾಸಿಗೆ. ಎಲ್ಲರೂ ಚಪ್ಪಲಿ ಹಾಕಿಕೊಂಡೇ ಹತ್ತುವುದು. ಮಿರಗ, ಅಂದರೆ ಮಳೆಗಾಲ ಶುರುವಾಗುವ ಮೃಗಶಿರಾ ಮಳೆ, ಕೂಡುವುದರೊಳಗೆ ಮೇಲೆ ತೊಳೆದು, ಅಲ್ಲಿಂದ ಮುಂದೆ ಚಪ್ಪಲಿ ಇಲ್ಲದೆ ಹತ್ತಬೇಕು ಅಂತ ಕಾಯ್ದೆ ಮಾಡಿದೆ. ‘ಸ್ಲ್ಯಾಬೇನು ಗುಡಿ ಆತೇನು?’ ಅಂತ ಮೈದುನ ಕೇಳಿದ. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಡುವ ಅಭ್ಯಾಸ ಆಗಲು ಎರಡು ತಿಂಗಳು ಹಿಡಿಯಿತು.

ಮೊದಲ ಮಳೆ ಬಂದದ್ದು ರಾತ್ರಿ ಹನ್ನೊಂದಕ್ಕೆ. ಟಾರ್ಚು ಹಿಡಿದು ಎಲ್ಲರೂ ಹಿತ್ತಲಿಗೆ ಓಡಿದೆವು. ಪೈಪಿನಲ್ಲಿ ಗುಡುಗುಡು ಸದ್ದು. ನೀಲಿ ಡ್ರಮ್ಮು ತುಂಬಿತು, ನೀರು ಹೊರಳಿತು, ಸೋಸಿ ಕೆಳಗೆ ಬಿತ್ತು. ಕಪ್ಪಗೆ! ಮನೆಯವರು ಬಗ್ಗಿ ನೋಡಿ, ‘ಹಾಲು ಸಕ್ಕರಿ ಹಾಕಿದ್ರ ಕಾಫಿ ಆತು’ ಅಂದರು. ತಪ್ಪು ನನ್ನದೇ. ಮರಳನ್ನು ಏಳು ನೀರಲ್ಲಿ ತೊಳೆದಿದ್ದೆ, ಇದ್ದಿಲನ್ನು ತೊಳೆದಿರಲಿಲ್ಲ. ಮರುದಿನ ಡ್ರಮ್ಮು ಬಿಚ್ಚಿ, ಇದ್ದಿಲು ತೊಳೆದು, ಮತ್ತೆ ತುಂಬಿದೆ. ಹೊಸ ಸಿಮೆಂಟು ಸುಣ್ಣ ಬಿಡುವುದರಿಂದ ಮೊದಲ ಸಲ ತುಂಬಿದ ನೀರನ್ನು ಕುಡಿಯಬಾರದು ಅಂತ ಕಾಕಾ ಮೊದಲೇ ಹೇಳಿದ್ದರು. ಆ ನೀರೆಲ್ಲ ಅಂಗಳ ತೊಳೆಯಲು, ಗಾಡಿ ತೊಳೆಯಲು ಹೋಯಿತು.

ಅದಕ್ಕಿಂತ ದೊಡ್ಡ ಸಂಕಟ ಉತ್ತರಿ ಮಳೆಯಲ್ಲಿ. ನಮ್ಮಲ್ಲಿ ಜೂನ್, ಜುಲೈ ಮಳೆ ಹನಿಸಿ ಹೋಗುತ್ತದೆ, ಭೂಮಿ ನೆನೆಯುವಂಥದ್ದು ಬರುವುದು ಸೆಪ್ಟೆಂಬರಿನಲ್ಲೇ. ಅವತ್ತು ಮಧ್ಯಾಹ್ನ ಆಕಾಶ ಕಪ್ಪಾಗಿ, ಮುಕ್ಕಾಲು ತಾಸು ಧಾರಾಕಾರ ಸುರಿಯಿತು. ನಾನು ಒಲೆ ಮುಂದೆ ನಿಂತು, ಹೌದ ತುಂಬುತ್ತಿದೆ ಅಂತ ಮನಸ್ಸಲ್ಲೇ ಕುಣಿಯುತ್ತಿದ್ದೆ. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಹೌದದಲ್ಲಿ ನೀರು ಹಿಂದಿನ ದಿನ ಎಷ್ಟಿತ್ತೋ ಅಷ್ಟೇ. ನೀಲಿ ಡ್ರಮ್ಮಿನ ವಾಲ್ವ್ ಪೂರ್ತಿ ತೆರೆದಿತ್ತು. ಹಿಂದಿನ ಸಂಜೆ ತೆರೆದವರು ಮುಚ್ಚಿರಲಿಲ್ಲ. ಯಾರು ಅಂತ ಬರೆಯುವುದಿಲ್ಲ, ಸಂಸಾರ ನಡೀಬೇಕಲ್ಲ. ಮೂವತ್ತು ಮಿ.ಮೀ. ಮಳೆ ಅಂತ ಹಿಡಿದರೂ ಸಾವಿರದ ಆರುನೂರು ಲೀಟರು ಗಟಾರದ ಪಾಲಾಗಿತ್ತು. ಅವತ್ತಿನಿಂದ ವಾಲ್ವ್‌ಗೆ ಕೆಂಪು ಬಟ್ಟೆ ಕಟ್ಟುತ್ತೇವೆ. ತೆರೆದಾಗ ಬಟ್ಟೆ ಬಿಚ್ಚಿ ಅಡುಗೆಮನೆ ಬಾಗಿಲಿಗೆ ಸಿಕ್ಕಿಸಬೇಕು. ಬಾಗಿಲಲ್ಲಿ ಕೆಂಪು ಕಂಡರೆ ವಾಲ್ವ್ ತೆರೆದಿದೆ ಅಂತ ಅರ್ಥ.

ಆದರೂ ಹಸ್ತ ಮಳೆ ಮುಗಿಯುವ ಹೊತ್ತಿಗೆ ಹೌದ ತುಂಬಿತು. ತುಂಬಿ ಉಕ್ಕಿದ್ದನ್ನು ಬೋರಿನ ಪಕ್ಕ ಕಲ್ಲು ತುಂಬಿದ ಇಂಗುಗುಂಡಿಗೆ ಬಿಟ್ಟಿದ್ದೆವು. ಅದರಿಂದ ಬೋರಿನ ಸವಳು ಕಡಿಮೆಯಾಯಿತಾ ಅಂದರೆ ಇಲ್ಲ, ನನಗಂತೂ ಗೊತ್ತಾಗುವಷ್ಟು ಆಗಿಲ್ಲ.

ಐದು ಸಾವಿರ ಲೀಟರ್ ಸಿಹಿ ನೀರು ಕಣ್ಣ ಮುಂದಿತ್ತು. ಎಲ್ಲದಕ್ಕೂ ಬಳಸಿದರೆ ಹನ್ನೊಂದು ದಿನ. ಅಲ್ಲಿ ಅತ್ತೆ ಒಂದು ಮಾತು ಹೇಳಿದರು. ಹಳ್ಳಿಯಲ್ಲಿ ಅವರ ಮನೆಯಲ್ಲಿ ಎರಡು ನೀರು ಇರುತ್ತಿದ್ದವಂತೆ. ಸಿಹಿ ಭಾವಿಯದು ಬೇಳೆಗೆ ಮತ್ತು ಬಾಯಿಗೆ, ಹಳ್ಳದ್ದು ಉಳಿದ ಎಲ್ಲದಕ್ಕೆ. ‘ಸೀನೀರಿನಾಗ ಯಾರರ ಕಾಲ ತೊಳಕೋತಾರೇನು?’ ನಾನು ಲೆಕ್ಕ ತಪ್ಪಿದ್ದು ಅಲ್ಲೇ. ಮನೆಯ ಎಲ್ಲಾ ನೀರನ್ನೂ ಒಂದೇ ಅಂತ ಕೂಡಿಸಿದ್ದೆ. ಅಡುಗೆ, ಚಹಾ, ಕುಡಿಯಲು ಮಾತ್ರ ಅಂದರೆ ನಮಗೆ ದಿನಕ್ಕೆ 25 ಲೀಟರ್ ಸಾಕು, ಎರಡು ಕೊಡಕ್ಕಿಂತ ಕಡಿಮೆ. ಆಗ ಅದೇ ಐದು ಸಾವಿರ 200 ದಿನ ಬರುತ್ತದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ!

ಅಳೆಯಲು ಅತ್ತೆ ಒಂದು ಬಿದಿರು ಕೋಲು ತಂದರು. ಗೇಣು ಗೇಣಿಗೆ ಸುಣ್ಣದ ಗೆರೆ ಎಳೆದರು. ಹೌದದ ಪೂರ್ತಿ ಆಳ ಅವರ ಕೈಯಲ್ಲಿ ಆರೂವರೆ ಗೇಣು ಚಿಲ್ಲರೆ. ನಾನು ಮತ್ತೆ ನೋಟ್‌ಬುಕ್ ತೆಗೆದೆ. ಗೇಣು ಅಂದರೆ ಒಂಬತ್ತು ಇಂಚು. ಆರಡಿ ಆರಡಿ ಹೌದದಲ್ಲಿ ಒಂದು ಗೇಣು ನೀರು ಅಂದರೆ ಸುಮಾರು 760 ಲೀಟರ್. ದಿನಕ್ಕೆ 25ರಂತೆ ಭಾಗಿಸಿದರೆ ಮೂವತ್ತು ದಿನ. ಒಂದು ಗೇಣಿಗೆ ಒಂದು ತಿಂಗಳು! ಇದು ಹೇಗೋ ತಾನಾಗೇ ಹೊಂದಿಕೊಂಡಿತು. ನಾನು ಹಾಳೆ ತೋರಿಸಿದಾಗ ಅತ್ತೆ ಏನೂ ಆಶ್ಚರ್ಯ ಪಡಲಿಲ್ಲ. ‘ಮತ್ತ, ಅದಕ್ಕ ಗೇಣಿಟ್ಟಾರ ಹಿರ್ಯಾರು’ ಅಂದರು. ಹಿರಿಯರು ನಮ್ಮ ಹೌದದ ಅಳತೆ ನೋಡಿ ಗೇಣು ಮಾಡಿರಲಿಕ್ಕಿಲ್ಲ, ಆದರೆ ನಾನು ವಾದಕ್ಕೆ ಹೋಗಲಿಲ್ಲ.

ಕುಡಿಯುವ ನೀರಿನ ಬಗ್ಗೆ ಮಾತ್ರ ಹುಡುಗಾಟ ಬೇಡ. ಸೋಸಿದರೂ ಅದು ಸ್ಲ್ಯಾಬಿನ ಮೇಲಿಂದ ಬಂದ ನೀರು. ಹೌದ ತುಂಬಿದಾಗ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಒಳ್ಳೆ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕರಗಿಸಿ, ಮೇಲಿನ ತಿಳಿ ಮಾತ್ರ ಹಾಕುತ್ತೇವೆ. ಒಂದು ತಾಸು ಬಿಟ್ಟು ಬಳಸಬಹುದು. ಕುಡಿಯುವುದನ್ನು ಕುದಿಸಿಯೇ ಕುಡಿಯುತ್ತೇವೆ. ಹೌದದ ಮುಚ್ಚಳದಲ್ಲಿ ಬೆಳಕು ನುಸುಳುವ ಸಂದು ಇರಬಾರದು, ಬೆಳಕು ಬಿದ್ದರೆ ಪಾಚಿ. ಹೊರಗೆ ತೆರೆದ ಪೈಪಿಗೆಲ್ಲ ಜಾಳಿಗೆ ಇರಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದಂಗೆ.

ಒಂದು ನೀರಿಗೆ ಲೆಕ್ಕ ಇಟ್ಟ ಮೇಲೆ ಉಳಿದ ನೀರು ಸುಮ್ನೆ ಹರಿದು ಹೋಗುವುದನ್ನು ನೋಡಲು ಆಗಲಿಲ್ಲ. ಬಚ್ಚಲ ನೀರನ್ನು ಬಾಳೆಗೆ ತಿರುಗಿಸಿದೆವು. ಬುಡದಲ್ಲಿ ಎರಡಡಿ ಗುಂಡಿ, ಅದಕ್ಕೆ ಇಟ್ಟಿಗೆ ಚೂರು, ಮೇಲೆ ಒಣ ಕಣಕಿ, ಅಂದರೆ ಜೋಳದ ದಂಟು. ಬಾಳೆ ಚೆನ್ನಾಗಿ ಬಂತು. ಅದೇ ಧೈರ್ಯದಲ್ಲಿ ಬಟ್ಟೆ ತೊಳೆದ ನೀರನ್ನು ಬದನೆ, ಮೆಣಸಿನಗಿಡಕ್ಕೆ ಬಿಟ್ಟೆ. ಆರು ವಾರದಲ್ಲಿ ಎಲೆಯ ಅಂಚೆಲ್ಲ ಸುಟ್ಟಂಗಾಯಿತು. ನಮ್ಮದು ಎರೆ ಮಣ್ಣು, ನೀರು ಬೇಗ ಇಳಿದು ಹೋಗುವುದಿಲ್ಲ, ಸೋಪಿನ ಪುಡಿಯ ಉಪ್ಪು ಅಲ್ಲೇ ಕೂರುತ್ತದೆ. ಮೇಲಿಂದ ಬೋರಿನ ಸವಳು ಬೇರೆ. ಮಣ್ಣು ಒಣಗಿದಾಗ ಮೇಲೆ ಬಿಳಿ ಬಿಳಿ ಕಾಣುತ್ತಿತ್ತು. ಈಗ ಆ ನೀರು ಪಾಯಿಖಾನೆಗೆ. ಬೇಳೆ, ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಮಾತ್ರ ತರಕಾರಿಗೆ.

ಗೊಬ್ಬರದ ಕಥೆಯೂ ಇಷ್ಟೇ, ಮೊದಲು ಕೆಟ್ಟಿತು, ಆಮೇಲೆ ಸರಿಹೋಯಿತು. ಹಳ್ಳಿಯಲ್ಲಿ ಅಡುಗೆಮನೆಯ ಕಸ ಅನ್ನುವುದೇ ಇರಲಿಲ್ಲವಂತೆ. ಮುಸುರೆ ಎಮ್ಮೆಗೆ, ಉಳಿದದ್ದು ತಿಪ್ಪೆಗೆ. ಇಲ್ಲಿ ಎಮ್ಮೆ ಎಲ್ಲಿಂದ ತರೋದು? ತೂತು ಹೊಡೆದ ಹಳೆಯ ಬಣ್ಣದ ಡಬ್ಬಿಗೆ ಸಿಪ್ಪೆ ಎಲ್ಲಾ ಹಾಕುತ್ತಾ ಹೋದೆ. ಹತ್ತನೇ ದಿನಕ್ಕೆ ಪಕ್ಕದ ಮನೆಯ ವೈನಿ ಗೋಡೆ ಮೇಲಿಂದ ಇಣುಕಿ, ‘ಏನರ ಸತ್ತೇತೇನ್ರಿ ನಿಮ್ಮ ಹಿತ್ತಲದಾಗ?’ ಅಂತ ಕೇಳಿದರು. ಮುಚ್ಚಳ ತೆಗೆದರೆ ನೀರು ನೀರಾಗಿ ಕೊಳೆತ ಸಿಪ್ಪೆ, ಅದರಲ್ಲಿ ಬೆರಳು ದಪ್ಪ ಹುಳ. ಹಸಿ ಕಸದಲ್ಲೇ ನೀರು ಜಾಸ್ತಿ, ಒಣದ್ದು ಇಲ್ಲದಿದ್ದರೆ ಗಾಳಿ ಆಡದೆ ಕೊಳೆಯುತ್ತದೆ. ಒಂದು ಪಾಲು ಹಸಿಗೆ ಎರಡು ಮೂರು ಪಾಲು ಒಣ ಎಲೆ ಬೇಕು. ನಾನು ಒಣ ಬೇವಿನೆಲೆ, ಶೇಂಗಾ ಸಿಪ್ಪೆ, ಕತ್ತರಿಸಿದ ಕಣಕಿ ಚೀಲ ತುಂಬಿ ಪಕ್ಕದಲ್ಲೇ ಇಟ್ಟೆ. ಸಿಪ್ಪೆ ಹಾಕಿದ ಕೂಡಲೇ ಮೇಲೆ ಒಂದು ಹಿಡಿ. ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಚಿಮುಕಿಸಿ ಕೋಲಿನಿಂದ ತಿರುವಿದರೆ ಸಾಕು. ಮೂರು ತಿಂಗಳಿಗೆ ಕಪ್ಪು ಗೊಬ್ಬರ, ಮಳೆ ಬಿದ್ದ ಎರೆ ಹೊಲದ ವಾಸನೆ. ಆ ವೈನಿ ಈಗ ತಮ್ಮ ಮನೆಯ ಶೇಂಗಾ ಸಿಪ್ಪೆ ತಂದು ಕೊಡುತ್ತಾರೆ, ಬದಲಿಗೆ ಗೊಬ್ಬರ ಒಯ್ಯುತ್ತಾರೆ.

ಆ ಗೊಬ್ಬರದಲ್ಲಿ ಬೆಳೆದದ್ದು ಮೆಂತೆ, ರಾಜಗಿರಿ, ಪುಂಡಿಪಲ್ಲೆ. ಮನೆಗೆಲ್ಲ ಸಾಲುತ್ತದೆ ಅಂದರೆ ಸುಳ್ಳಾಗುತ್ತದೆ. ವಾರದಲ್ಲಿ ಎರಡು ದಿನದ ಪಲ್ಲೆ, ಅದೂ ದೀಪಾವಳಿಯಿಂದ ಹೋಳಿಯವರೆಗೆ. ಏಪ್ರಿಲ್ ಬಿಸಿಲು ನಲವತ್ತು ದಾಟಿದ ಮೇಲೆ ಏನೂ ಉಳಿಯುವುದಿಲ್ಲ, ಉಳಿಸಲು ಹೋಗಿ ನೀರು ಸುರಿಯುವುದು ದಡ್ಡತನ. ಎರಡು ಬೇಸಿಗೆ ಆ ದಡ್ಡತನ ಮಾಡಿ ಈಗ ಬಿಟ್ಟಿದ್ದೇನೆ. ಇಂಡಿಯಿಂದ ತಂದ ಒಂದು ಲಿಂಬೆ ಗಿಡ, ಬಾಳೆ, ನುಗ್ಗೆ ಇವಷ್ಟೇ ಬೇಸಿಗೆ ಕಾಣುತ್ತವೆ. ಬೂದಿಯಿಂದ ಪಾತ್ರೆ ತಿಕ್ಕುವ ಪ್ರಯೋಗ ನಾಲ್ಕು ದಿನ ನಡೆಯಿತು. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ? ಅತ್ತೆ ನಕ್ಕಿದ್ದೇ ನಕ್ಕಿದ್ದು.

ಮೊದಲ ವರ್ಷ ಸಿದ್ಧೇಶ್ವರ ಜಾತ್ರೆಗೆ ನಾದಿನಿ ಬಂದಿದ್ದಳು. ಬೇಳೆ ಕುಕ್ಕರಿಗೆ ಇಟ್ಟು ಎಂದಿನಂತೆ ಆರು ಸೀಟಿಗೆ ಕಾಯುತ್ತಾ ಕೂತಳು. ಮೂರಕ್ಕೇ ನಾನು ಒಲೆ ಆರಿಸಿದೆ. ‘ಏ ವೈನಿ, ಇನ್ನಾ ಕುದ್ದಿಲ್ಲ’ ಅಂದಳು. ಮುಚ್ಚಳ ತೆಗೆದು ಸೌಟು ಆಡಿಸಿದಾಗ ಬೇಳೆ ಬೆಣ್ಣೆಯಂಗೆ ಕರಗಿತ್ತು. ಹೊರಡುವ ದಿನ ಐದು ಲೀಟರಿನ ಕ್ಯಾನು ಹಿಡಿದು ಹೌದದ ಹತ್ತಿರ ಹೋದಳು. ಅತ್ತೆ ಮುಚ್ಚಳದ ಮೇಲೆ ಕೂತುಬಿಟ್ಟರು. ‘ಹೋಳಿಗಿ ಒಯ್ಯಿ, ಶೇಂಗಾ ಹಿಂಡಿ ಒಯ್ಯಿ. ನೀರ ಬ್ಯಾಡ.’ ಸ್ವಂತ ಮಗಳಿಗೆ!

ಈಗ ಕೋಲು ಇಳಿಸುವ ಕೆಲಸ ಅತ್ತೆಯದೇ, ಯಾರಿಗೂ ಕೊಡುವುದಿಲ್ಲ. ಮುಚ್ಚಳಕ್ಕೆ ಬೀಗ ಹಾಕಿದ್ದಾರೆ, ಬೀಗದ ಕೈ ಸೆರಗಿನ ಗಂಟಿನಲ್ಲಿ. ಮನೆಯವರು ಬ್ಯಾಟರಿಗೆ ಹಾಕಲು ಒಂದು ಬಾಟಲಿ ಕೇಳಿದ್ದಕ್ಕೆ ಅರ್ಧ ತಾಸು ವಿಚಾರಣೆ ನಡೆಯಿತು, ಕೊನೆಗೂ ಸಿಗಲಿಲ್ಲ. ಅದಕ್ಕೆ ಅಂಗಡಿಯ ನೀರೇ ಬೇಕು ಅನ್ನುವುದು ಬೇರೆ ಮಾತು.

ಈ ಸಲ ಏಪ್ರಿಲ್ ಕೊನೆಗೆ ಕೋಲಿನ ತುದಿ ಮಾತ್ರ ಒದ್ದೆಯಾಗುತ್ತಿತ್ತು. ಭರಣಿ ಮಳೆ ಒಂದು ರಾತ್ರಿ ಬಂದು ಒಂದು ಗೇಣು ಕೊಟ್ಟು ಹೋಯಿತು. ಇವತ್ತು ಬೆಳಿಗ್ಗೆ ಅತ್ತೆ ಕೋಲು ಮೇಲೆತ್ತಿ, ಕನ್ನಡಕ ಸರಿಮಾಡಿಕೊಂಡು ಗೆರೆ ನೋಡಿದರು. ನಾಲ್ಕು ಬೆರಳು. ಮಿರಗಕ್ಕೆ ಇನ್ನೂ ಹದಿನಾರು ದಿನ. ಏನೂ ಮಾತಾಡದೆ ಒಳಗೆ ಹೋದರು. ನಾನು ಹಿಂದೆ ಹೋದಾಗ ಒಲೆಯ ಮೇಲಿದ್ದ ಚಹಾದ ಪಾತ್ರೆ ಇಳಿಸಿ, ಗೂಡಿನಿಂದ ಅದಕ್ಕಿಂತ ಸಣ್ಣದು ತೆಗೆಯುತ್ತಿದ್ದರು.